ಕಣ್ಣಿನ ಸುತ್ತ ಊತ, ಉರಿಯೇ? ಮೊದಲು ತಂಪು ಮಾಡಿ

ನಮ್ಮ ಮೈಮೇಲೆ ಅತಿ ತೆಳುವಾದ ಚರ್ಮ ಇರುವುದು ಕಣ್ಣಿನ ರೆಪ್ಪೆಯಲ್ಲಿ. ಅದರ ದಪ್ಪ ಹೆಚ್ಚೆಂದರೆ ಅರ್ಧ ಮಿಲಿಮೀಟರ್‌ನಷ್ಟು. ಅದರಡಿ ಕೊಬ್ಬು ತೀರಾ ಕಡಿಮೆ, ಒಳಗಿನ ಅಂಗಾಂಶವೂ ಸಡಿಲ. ಹಾಗಾಗಿ ಸ್ವಲ್ಪ ನೀರು ತುಂಬಿಕೊಂಡರೂ ರೆಪ್ಪೆ ಉಬ್ಬುತ್ತದೆ. ಕೆನ್ನೆಗೆ ಏನೂ ಮಾಡದ ಸೋಪು, ಕ್ರೀಮು ಇಲ್ಲಿ ಉರಿ ಎಬ್ಬಿಸುತ್ತದೆ. ಇದು ಗೊತ್ತಿಲ್ಲದೆ ಮನೆಮದ್ದಿನ ಹೆಸರಿನಲ್ಲಿ ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಹಚ್ಚಿಕೊಂಡು ಉರಿಯನ್ನು ದುಪ್ಪಟ್ಟು ಮಾಡಿಕೊಳ್ಳುವವರು ಬಹಳ. ಕಣ್ಣಿಗೆ ಎದೆಹಾಲು ಹಿಂಡುವ, ಜೇನು ಬಿಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅಕ್ಕರೆಯಿಂದ ಮಾಡಿದರೂ ಅದರಿಂದ ಸೋಂಕು ತಗಲುವ ಭಯವಿದೆ, ದಯವಿಟ್ಟು ಬೇಡ. ಈ ಚರ್ಮಕ್ಕೆ ಬೇಕಾದ ಉಪಚಾರ ಸ್ವಲ್ಪವೇ, ಆದರೆ ಕ್ರಮವಾಗಿ ಮಾಡಬೇಕು.

ತೊಳೆಯಿರಿ, ಉಜ್ಜಬೇಡಿ

ಮೊದಲು ಕೈ ತೊಳೆದುಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಕಾಡಿಗೆ, ಮಸ್ಕರಾ ಹಚ್ಚಿದ್ದರೆ ಹತ್ತಿಗೆ ಒಂದೆರಡು ಹನಿ ಶುದ್ಧ ಕೊಬ್ಬರಿ ಎಣ್ಣೆ ಹಾಕಿ, ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಒರೆಸಿ. ನಂತರ ಸೋಪಿಲ್ಲದೆ ಬರೀ ತಣ್ಣೀರಿನಲ್ಲಿ ಮುಖ ತೊಳೆದು, ಮೆತ್ತನೆಯ ಬಟ್ಟೆಯನ್ನು ಒತ್ತಿ ಒರೆಸಿಕೊಳ್ಳಿ. ತುರಿಕೆ ಎಷ್ಟೇ ಇದ್ದರೂ ಉಜ್ಜಬೇಡಿ. ಉಜ್ಜಿದಷ್ಟೂ ಚರ್ಮದಲ್ಲಿ ತುರಿಕೆ ಹುಟ್ಟಿಸುವ ಹಿಸ್ಟಮಿನ್ ಬಿಡುಗಡೆಯಾಗಿ ಊತ ಇನ್ನೂ ಏರುತ್ತದೆ.

ತಣ್ಣನೆಯ ಪಟ್ಟಿ

ಎಲ್ಲ ಮನೆಮದ್ದುಗಳಲ್ಲಿ ನನಗೆ ಅತಿ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಹಳೆಯ ಹತ್ತಿ ಪಂಚೆಯ ತುಂಡು ಇದಕ್ಕೆ ಹೇಳಿಮಾಡಿಸಿದ ಬಟ್ಟೆ, ಒಗೆದೊಗೆದು ಮೆತ್ತಗಾಗಿರುತ್ತದೆ. ಅದನ್ನು ನಾಲ್ಕು ಮಡಿಕೆ ಮಾಡಿ, ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟ ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ. ಮಲಗಿ, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಹಾಗೇ ಇಟ್ಟುಕೊಳ್ಳಿ, ಒತ್ತಬೇಡಿ. ಬಿಸಿಯೇರಿದಂತೆ ಮತ್ತೆ ಅದ್ದುತ್ತಾ ಸುಮಾರು ಹತ್ತು ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಬಾರಿ ಮಾಡಬಹುದು. ತಂಪಿಗೆ ರಕ್ತನಾಳಗಳು ಸಂಕುಚಿಸುತ್ತವೆ, ನೀರು ಸೋರುವುದು ಕಡಿಮೆಯಾಗುತ್ತದೆ, ತುರಿಕೆಯೂ ಇಳಿಯುತ್ತದೆ. ಐಸ್ ತುಂಡನ್ನು ನೇರವಾಗಿ ಇಟ್ಟರೆ ಈ ತೆಳು ಚರ್ಮ ಸುಟ್ಟಂತಾಗುತ್ತದೆ. ಪಿಸರು ಬರುತ್ತಿದ್ದರೆ ಎರಡು ಕಣ್ಣಿಗೂ ಬೇರೆ ಬೇರೆ ಬಟ್ಟೆ ಇರಲಿ, ಬಳಸಿದ್ದನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಸೌತೆಕಾಯಿ ಬಿಲ್ಲೆ ಮಾಡುವುದೂ ಇದೇ ಕೆಲಸವನ್ನು. ಅದರಲ್ಲಿ ಶೇ 95ರಷ್ಟು ನೀರೇ ಇರುವುದರಿಂದ ತಂಪು ಹಿಡಿದಿಟ್ಟುಕೊಳ್ಳುತ್ತದೆ. ಸಿಪ್ಪೆ ಹೆರೆದು ಇಡಿ. ಚಹಾದಲ್ಲಿರುವ ಕೆಫೀನ್ ರಕ್ತನಾಳಗಳನ್ನು ಕುಗ್ಗಿಸಬಲ್ಲದು. ಆದರೆ ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಚಹಾ ಪುಡಿ; ಅದರ ಕಣ ಕಣ್ಣಿಗೆ ಬಿದ್ದರೆ ಹೊಸ ತೊಂದರೆ. ಹಾಲು, ಸಕ್ಕರೆ ಹಾಕದ ಡಿಕಾಕ್ಷನ್ನನ್ನು ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣ್ಣಗಾದ ಮೇಲೆ ಪಟ್ಟಿ ಅದ್ದಿಕೊಳ್ಳಿ.

ಲೋಳೆಸರವನ್ನು ಹೀಗೆ ಬಳಸಿ

ಎಲೆ ಕೊಯ್ದ ಕೂಡಲೇ ಬುಡದಿಂದ ಹಳದಿ ರಸ ಒಸರುವುದನ್ನು ನೋಡಿರುತ್ತೀರಿ. ಚರ್ಮ ಕೆರಳಿಸುವುದು ಅದೇ. ಕೊಯ್ದ ತುದಿ ಕೆಳಗೆ ಬರುವಂತೆ ಎಲೆಯನ್ನು ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ, ರಸ ಇಳಿದ ಮೇಲೆ ತೊಳೆದು, ಮುಳ್ಳಿನ ಅಂಚು, ಹಸಿರು ಸಿಪ್ಪೆ ತೆಗೆಯಿರಿ. ಒಳಗಿನ ಗಾಜಿನಂಥ ತಿರುಳನ್ನು ಇನ್ನೊಮ್ಮೆ ತೊಳೆಯಿರಿ. ಮೊದಲ ಸಲವಾದರೆ ಮೊಣಕೈ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ಕಾಯಿರಿ. ಕೆಂಪಾಗದಿದ್ದರೆ ಕಣ್ಣಿನ ಕೆಳಗಿನ ಮೂಳೆಯ ಮೇಲೆ ಮಾತ್ರ ತೆಳುವಾಗಿ ಸವರಿ, ರೆಪ್ಪೆಗೂದಲಿನ ಅಂಚಿಗೆ ಬೇಡ. ಚರ್ಮ ಒಡೆದು ರಸಿಕೆ ಬರುತ್ತಿದ್ದರೆ ಯಾವ ಎಲೆಯ ರಸವೂ ಬೇಡ. ಬರೀ ಒಣಗಿ ಹೊಟ್ಟು ಏಳುತ್ತಿದ್ದರೆ ರಾತ್ರಿ ಒಂದಿಷ್ಟು ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಸಾಕು.

ಕಾರಣ ಹುಡುಕಿ

ತಂಪು ಮಾಡಿದ ಮೇಲೂ ನಾಳೆ ಮತ್ತೆ ಊದಿಕೊಂಡರೆ ಏನೋ ಒಂದು ತಾಗುತ್ತಿದೆ ಎಂದರ್ಥ. ಅಲರ್ಜಿ ಎಷ್ಟೋ ಸಲ ತಾಗಿದ ಒಂದೆರಡು ದಿನದ ಮೇಲೆ ಕಾಣಿಸಿಕೊಳ್ಳುತ್ತದೆ. ಹೊಸ ಕಾಡಿಗೆ, ಕೂದಲಿಗೆ ಹಚ್ಚಿದ ಬಣ್ಣ, ಸೊಳ್ಳೆ ಬತ್ತಿಯ ಹೊಗೆ, ಮೆಣಸಿನಕಾಯಿ ಮುಟ್ಟಿದ ಕೈ, ಹೀಗೆ ಹಿಂದಿನ ಎರಡು ಮೂರು ದಿನ ನೆನೆಸಿಕೊಳ್ಳಿ. ಉಗುರಿನ ಬಣ್ಣವೂ ಕಾರಣವಾಗಬಹುದು. ಬೆರಳಿಗೆ ಏನೂ ಆಗದೆ, ಆ ಬೆರಳು ತಾಗಿದ ರೆಪ್ಪೆಗೆ ಅಲರ್ಜಿ ಬರುತ್ತದೆ.

ಹೊಲ, ಖಾಲಿ ನಿವೇಶನಗಳ ಹತ್ತಿರ ಇರುವವರು ಕಾಂಗ್ರೆಸ್ ಗಿಡದ ಮೇಲೆ ಕಣ್ಣಿಡಿ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದ ಈ ಪಾರ್ಥೇನಿಯಂ ಕಳೆ ಇಂದು ಕರ್ನಾಟಕದ ರಸ್ತೆಬದಿಗಳಲ್ಲೆಲ್ಲ ಇದೆ. ಇದರ ಪರಾಗ, ಒಣಗಿದ ಎಲೆಯ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕತ್ತಿನ ಮಡಿಕೆ, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ಈ ಮೂರೂ ಕಡೆ ಒಟ್ಟಿಗೆ ತುರಿಕೆ ಇದ್ದರೆ ಅನುಮಾನ ಇದರ ಮೇಲೇ ಬರಬೇಕು. ಹೊಲದಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ಇವರಿಗೆ ಇನ್ನೊಂದು ಎಚ್ಚರಿಕೆ: ಸೇವಂತಿಗೆಯೂ ಕಣ್ಣಿಗೆ ಒಳ್ಳೆಯದೆಂದು ಮಾರುವ ಕ್ಯಾಮೊಮೈಲ್ ಚಹಾದ ಹೂವೂ ಇದೇ ಕುಟುಂಬದವು. ಕಾಂಗ್ರೆಸ್ ಗಿಡದ ಅಲರ್ಜಿ ಇದ್ದವರಿಗೆ ಇವೂ ಒಗ್ಗದಿರಬಹುದು. ನೈಸರ್ಗಿಕ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬೇಡಿ.

ತುರಿಕೆಯಿಲ್ಲದೆ ಬೆಳಿಗ್ಗೆ ಮಾತ್ರ ಊದಿ, ಎದ್ದು ಓಡಾಡಿದ ಮೇಲೆ ಇಳಿಯುತ್ತಿದ್ದರೆ ರಾತ್ರಿಯ ಉಪ್ಪು ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಊಟಕ್ಕೆ ಹಪ್ಪಳ, ಉಪ್ಪಿನಕಾಯಿ ಎರಡೂ ಇದ್ದರೆ ಅದು ದಾಟಿಹೋಗುವುದು ಸುಲಭ. ಇನ್ನೊಂದು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ವಯಸ್ಸಾದಂತೆ ಕೊಬ್ಬು ಮುಂದೆ ಬಂದು ಆಗುವ ಚೀಲ ಮಾತ್ರ ಯಾವ ಮನೆಮದ್ದಿಗೂ ಇಳಿಯದು. ರೆಪ್ಪೆಯಂಚಿನಲ್ಲಿ ನೋಯುವ ಕುರು ಎದ್ದಿದ್ದರೆ ತಣ್ಣೀರಲ್ಲ, ಉಗುರುಬೆಚ್ಚಗಿನ ಪಟ್ಟಿ ಇಡಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಒಂದೇ ಕಣ್ಣು ಕೆಂಪಗೆ ಊದಿ ಜ್ವರ ಬಂದರೆ, ಕಣ್ಣು ಹೊರಳಿಸಿದಾಗ ನೋವಾದರೆ, ದೃಷ್ಟಿ ಮಸುಕಾದರೆ, ತುಟಿ ಊದಿ ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ. ಮಕ್ಕಳಲ್ಲಿ ದಿನವೂ ಬೆಳಿಗ್ಗೆ ಎರಡೂ ಕಣ್ಣು ಊದುತ್ತಿದ್ದು, ಕಾಲೂ ಬಾತು, ಮೂತ್ರ ನೊರೆನೊರೆಯಾಗಿದ್ದರೆ ಮೂತ್ರಪಿಂಡದ ಪರೀಕ್ಷೆ ಆಗಲೇಬೇಕು. ದೊಡ್ಡವರಲ್ಲಿ ಸುಸ್ತು, ಮೈಭಾರ ಜೊತೆಗಿದ್ದರೆ ಥೈರಾಯ್ಡ್ ನೋಡಿಸಿ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಕ್ರೀಮನ್ನು ರೆಪ್ಪೆಗೆ ಹಚ್ಚಬೇಡಿ. ಒಂದೆರಡು ದಿನದಲ್ಲಿ ತುರಿಕೆ ನಿಂತಂತೆ ಕಂಡರೂ ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ಒಂದು ವಾರದಲ್ಲಿ ಇಳಿಯದಿದ್ದರೆ ಚರ್ಮವೈದ್ಯರನ್ನು ಕಾಣಿ. ಹೋಗುವಾಗ ನೀವು ಹಚ್ಚುತ್ತಿದ್ದ ಕಾಡಿಗೆ, ಕ್ರೀಮು, ಕೂದಲಿನ ಬಣ್ಣದ ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಪ್ಯಾಚ್ ಪರೀಕ್ಷೆ ಮಾಡಿ ಯಾವುದು ಆಗುವುದಿಲ್ಲ ಎಂದು ಪತ್ತೆಹಚ್ಚಲು ವೈದ್ಯರಿಗೆ ಅವು ಬೇಕಾಗುತ್ತವೆ.