ಆಟದ ಉಳಿಕೆಯೂ ವಿಧಿವಾಕ್ಯವೂ: ಯಂತ್ರವಾಚಕನಿಗಾಗಿ ಬರೆಯುವ ಗದ್ಯ

ಕನ್ನಡ ಶಾಸ್ತ್ರಸಾಹಿತ್ಯದ ಚರಿತ್ರೆಯಲ್ಲಿ ವ್ಯಾಕರಣ, ಛಂದಸ್ಸು, ವೈದ್ಯ, ಗಣಿತಗಳಿಗೆ ದೊರೆತ ಸ್ಥಾನ ಆಟದ ವಿಧಿಗಳಿಗೆ ದೊರೆತಿಲ್ಲ. ಆದರೆ ಆಟವನ್ನು ಬರೆದಿಡುವ ಹಂಬಲ ನಮ್ಮಲ್ಲಿ ಹೊಸದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯನ್ನು ಆಟಗಳಿಗಾಗಿಯೇ ಮೀಸಲಿಟ್ಟರು. ಚದುರಂಗದ ಕುದುರೆ ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಬರುವ ನಡೆಗಳನ್ನೂ ಅವರು ದಾಖಲಿಸಿದರು. ಅದಕ್ಕೂ ಹಿಂದೆ ವೇದಾಂತದೇಶಿಕರು ‘ಪಾದುಕಾಸಹಸ್ರ’ದ ಚಿತ್ರಪದ್ಧತಿಯಲ್ಲಿ ಒಂದು ಶ್ಲೋಕದ ಮೂವತ್ತೆರಡು ಅಕ್ಷರಗಳನ್ನು ಮನೆಗಳಲ್ಲಿರಿಸಿ, ಕುದುರೆಯ ನಡೆಯಲ್ಲಿ ಓದಿದರೆ ಮತ್ತೊಂದು ಶ್ಲೋಕ ಹೊರಡುವಂತೆ ಮಾಡಿದ್ದರು. ಇಲ್ಲಿ ಗಮನಿಸಬೇಕಾದುದೆಂದರೆ, ಕುದುರೆ ಹೇಗೆ ನಡೆಯುತ್ತದೆ ಎಂಬುದು ಶ್ಲೋಕದಲ್ಲಿಲ್ಲ. ಓದುಗನಿಗೆ ಅದು ಗೊತ್ತೆಂಬ ನಂಬಿಕೆಯ ಮೇಲೆ ಇಡೀ ರಚನೆ ನಿಂತಿದೆ.

ಈ ನಂಬಿಕೆ ಸಡಿಲವಾದರೆ ಏನಾಗುತ್ತದೆ? ಕಾರಣವೊಂದು ಒದಗಿ ಬಂದುದರಿಂದ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಡೊಂಬಿವಲಿಯಿಂದ ವಿದ್ಯಾನಗರಿಗೆ ಲೋಕಲ್ ರೈಲಿನಲ್ಲಿ ಬಂದುಹೋಗುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮನೆಯ ಕಂಪ್ಯೂಟರಿನಲ್ಲಿ ಕೃತಕ ಬುದ್ಧಿಮತ್ತೆಯ ಏಜೆಂಟೊಂದಕ್ಕೆ ಆತ ಕನ್ನಡದಲ್ಲಿ ಸೂಚನೆ ಬರೆದಿಟ್ಟಿದ್ದ. ಅದನ್ನನುಸರಿಸಿದ ಏಜೆಂಟು ಅವನ ತಮ್ಮನು ಎರಡು ವರ್ಷ ಆಡಿ ಮುಂದುವರಿಸಿಕೊಂಡು ಬಂದಿದ್ದ ಆಟದ ಮೇಲೆ ಹಳೆಯ ಪ್ರತಿಯನ್ನು ಹರಡಿಬಿಟ್ಟಿತು. “ಸಾರ್, ವಾಕ್ಯ ಸರಿಯಾಗಿಯೇ ಇದೆಯಲ್ಲ?” ಎಂದು ಕಾಗದವನ್ನು ನನ್ನ ಮುಂದಿಟ್ಟ. ವಾಕ್ಯ ಸರಿಯಾಗಿಯೇ ಇತ್ತು. ತೊಡಕು ಅಲ್ಲಿಯೇ ಇತ್ತು.

ಆತ ಬಳಸಿದ್ದು ‘ಲುಡುಸಾವಿ’ ಎಂಬ ಮುಕ್ತ ತಂತ್ರಾಂಶ. ಕಂಪ್ಯೂಟರ್ ಆಟಗಳು ಆಟಗಾರನ ಪ್ರಗತಿಯನ್ನು ಒಂದೊಂದು ಒಂದೊಂದು ಮೂಲೆಯಲ್ಲಿ ಬಚ್ಚಿಡುತ್ತವೆ. ಹತ್ತು ಸಾವಿರಕ್ಕೂ ಮಿಕ್ಕಿದ ಆಟಗಳ ಇಂಥ ಜಾಗಗಳ ಪಟ್ಟಿ ಈ ಉಪಕರಣದ ಬಳಿ ಇದೆ. ಅಲ್ಲಿಂದ ಪ್ರತಿ ತೆಗೆದಿಡುವುದು ಒಂದು ಕ್ರಿಯೆ, ಪ್ರತಿಯನ್ನು ಮೂಲಸ್ಥಾನಕ್ಕೆ ಮರಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ಆಟ ಇದ್ದಲ್ಲೇ ಇರುತ್ತದೆ. ಎರಡನೆಯದರಲ್ಲಿ ಈಗಿರುವ ಆಟ ಅಳಿದು ಹಳೆಯದು ಬಂದು ಕೂರುತ್ತದೆ. ಏನಾಗಲಿದೆ ಎಂಬುದನ್ನಷ್ಟೇ ತೋರಿಸುವ ‘ಪ್ರಿವ್ಯೂ’ ಎಂಬ ಆಯ್ಕೆಯಿದೆ. ದೃಢೀಕರಣ ಕೇಳದೆ ಮುಂದುವರಿಯುವ ‘ಫೋರ್ಸ್’ ಇದೆ. ಉತ್ತರವನ್ನು ಯಂತ್ರಕ್ಕೆ ಅನುಕೂಲವಾದ ಜೇಸನ್ ರೂಪದಲ್ಲಿ ಕೊಡುವ ‘ಎಪಿಐ’ ಇದೆ. ಮನುಷ್ಯನಾದರೆ ಪರದೆಯ ಮೇಲಿನ ಎಚ್ಚರಿಕೆಯನ್ನು ಕಂಡು ಒಂದು ಕ್ಷಣ ತಡೆಯುತ್ತಾನೆ. ಏಜೆಂಟಿಗೆ ಆ ತಡೆ ಸೂಚನೆಯೊಳಗಿನಿಂದಲೇ ಒದಗಬೇಕು. ಇಂಥ ಯಂತ್ರಗಳಿಗೆಂದೇ ಸೂಚನೆ ಬರೆದಿಡುವ ‘ಏಜೆಂಟ್ಸ್ ಡಾಟ್ ಎಂಡಿ’ ಎಂಬ ಕಡತದ ರೂಢಿ 2025ರಲ್ಲಿ ಬಳಕೆಗೆ ಬಂದುದು ಈ ಅಗತ್ಯದಿಂದಲೇ.

ಇನ್ನು ಆತನ ವಾಕ್ಯ: “ಕೇಳಿ ಮರಳಿಸಬಹುದು, ಹಳೆಯ ಪ್ರತಿಯನ್ನು ಬಿಡಬೇಕು.” ಮೂರು ಕ್ರಿಯೆಗಳು, ಮೂರೂ ಇಬ್ಬಗೆಯವು. ‘ಕೇಳಿ’ ಎಂಬುದು ಪ್ರಶ್ನಿಸಿ ಎಂದೂ ಆದೀತು, ಆಲಿಸಿ ಎಂದೂ ಆದೀತು. ವಿಧಿರೂಪವೂ ಹೌದು, ಭೂತಕೃದಂತಾವ್ಯಯವೂ ಹೌದು. (ಆಟ ಎಂಬರ್ಥದ ‘ಕೇಳಿ’ಯೂ ನಮ್ಮಲ್ಲಿದೆ, ಏಜೆಂಟು ಅಷ್ಟು ದೂರ ಹೋಗಲಿಲ್ಲವೆಂಬುದು ಸಮಾಧಾನ.) ಯಾರನ್ನು ಕೇಳಬೇಕು ಎಂಬ ಕರ್ಮಪದ ಲೋಪವಾಗಿದೆ. ‘ಬಹುದು’ ಅನುಮತಿಯನ್ನೂ ಸಾಧ್ಯತೆಯನ್ನೂ ಹೇಳುತ್ತದೆ. ‘ಬಿಡಬೇಕು’ ಎಂದರೆ ಮುಟ್ಟದೆ ಇರಗೊಡಬೇಕೆಂದೇ, ತೊರೆಯಬೇಕೆಂದೇ? ನಮ್ಮ ವ್ಯಾಕರಣಗಳು ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥಗಳನ್ನು ಬಿಡಿಬಿಡಿಯಾಗಿ ಗುರುತಿಸಿವೆ. ಆದರೆ ಆಡುನುಡಿಯ ವಿನಯ ಈ ಗಡಿಗಳನ್ನು ಅಳಿಸುತ್ತದೆ. ಹಿರಿಯರಿಗೆ “ಕುಳಿತುಕೊಳ್ಳಬಹುದು” ಎನ್ನುವಾಗ ನಾವು ಆಜ್ಞೆಯನ್ನೇ ಅನುಮತಿಯ ಉಡುಪಿನಲ್ಲಿ ಕೊಡುತ್ತೇವೆ. ಈ ಸೊಗಸನ್ನು ಕಳೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಕಡತದಲ್ಲಿ ಅದಕ್ಕೆ ಎಡೆಯಿಲ್ಲ, ಅಷ್ಟೆ.

ಕನ್ನಡದಲ್ಲಿ ಇಂಥ ಸೂಚನೆ ಅಸಾಧ್ಯ, ಇಂಗ್ಲಿಷಿನಲ್ಲೇ ಬರೆಯಬೇಕು ಎಂಬ ಮಾತು ಈ ಊರಿನಲ್ಲಿ ಬೇಗ ಕೇಳಿಬರುತ್ತದೆ. ಅದನ್ನು ಒಪ್ಪಲಾಗದು. ಇಂಗ್ಲಿಷಿನ ‘ಮೇ’ ಎಂಬ ಸಹಾಯಕ್ರಿಯೆಯೂ ಇದೇ ಇಬ್ಬಂದಿಯಲ್ಲಿದೆ. ಕನ್ನಡಕ್ಕಾದರೋ ‘ಕೂಡದು’ ಎಂಬ ಒಂದೇ ಪದದಲ್ಲಿ ನಿಷೇಧವನ್ನು ಮುಗಿಸುವ ಶಕ್ತಿಯಿದೆ. ಇಬ್ಬರೂ ಕುಳಿತು ತಿದ್ದಿದ ಪಾಠ ಹೀಗಿದೆ: “ಮೊದಲು ಆಟದ ಹೆಸರನ್ನು ಉಪಕರಣದ ಪಟ್ಟಿಯಲ್ಲಿ ಹುಡುಕು. ಒಂದಕ್ಕಿಂತ ಹೆಚ್ಚು ಹೆಸರು ಸಿಕ್ಕರೆ ನಿಲ್ಲು, ಬಳಕೆದಾರನನ್ನು ಪ್ರಶ್ನಿಸು. ಮರಳಿಸುವ ಮೊದಲು ಪ್ರಿವ್ಯೂ ನಡೆಸಿ, ಬದಲಾಗಲಿರುವ ಕಡತಗಳ ಪಟ್ಟಿಯನ್ನು ಬಳಕೆದಾರನಿಗೆ ತೋರಿಸು. ಈಗಿರುವ ಆಟದ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ತೆಗೆದಿಡು. ‘ಒಪ್ಪಿದೆ’ ಎಂಬ ಉತ್ತರ ಬರುವ ತನಕ ಮರಳಿಸಕೂಡದು. ಬಳಕೆದಾರನು ಹೇಳದೆ ಫೋರ್ಸ್ ಬಳಸಕೂಡದು.”

ವಿದ್ಯಾರ್ಥಿ ಏಕವಚನಕ್ಕೆ ಹಿಂಜರಿದ. ಬಹುವಚನದ ‘ಹುಡುಕಿ’ ಎಂಬಲ್ಲಿ ಮತ್ತೆ ಆ ‘ಕೇಳಿ’ಯ ತೊಡಕೇ ಬರುವುದೆಂದು ತೋರಿಸಿದ ಮೇಲೆ ಒಪ್ಪಿದ. ಹೋಗುವಾಗ, ತಮ್ಮನ ಹೊಸ ಆಟ ಮೂರನೆಯ ಹಂತದಲ್ಲಿದೆ, ಅದರ ಪ್ರತಿಯನ್ನು ಇಂದು ರಾತ್ರಿಯೇ ತೆಗೆದಿಡುವುದಾಗಿ ಹೇಳಿದ.