ಪಿಸುಮಾತು ಕೇಳದ ಕಿವಿ

ಕಳೆದ ಚಳಿಗಾಲದ ಒಂದು ರವಿವಾರ, ಬೆಳಗಿನ ಚಹಾ ಮುಗಿಯುವ ಮೊದಲೇ ನಮ್ಮ ಮನೆಯವರು, "ಇವತ್ತ ದವಾಖಾನಿ ಬಂದ್ ಇಡ್ರಿ. ಎಲ್ಲಿಗೆ ಅಂತ ಮಾತ್ರ ಕೇಳಬ್ಯಾಡ್ರಿ" ಎಂದರು. ಬಾಗಿಲಲ್ಲಿ ಟಾಂಗಾ ನಿಂತಿತ್ತು. 35 ವರ್ಷಗಳಿಂದ ವಿಜಯಪುರದಲ್ಲಿಯೇ ವೈದ್ಯವೃತ್ತಿ ನಡೆಸಿರುವ ನಾವು ಬಂದ ನೆಂಟರನ್ನು ಗೋಳಗುಮ್ಮಟದ ಬಾಗಿಲವರೆಗೆ ಬಿಟ್ಟು ಬಂದದ್ದುಂಟು. ಇಬ್ಬರೇ ಕೂಡಿ ಮೇಲೇರಿದ್ದು ಮದುವೆಯಾದ ವರ್ಷ ಒಮ್ಮೆ ಮಾತ್ರ.

ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲುಗಳು ಇಕ್ಕಟ್ಟು, ಕಡಿದು. ಮೊಣಕಾಲು ನೋವುಳ್ಳವರು ಅವಸರಪಡದೆ, ಅಂತಸ್ತಿಗೊಮ್ಮೆ ನಿಂತು ಏರಬೇಕು. ಏದುಸಿರು, ಎದೆಬಿಗಿತ ಕಂಡರೆ ಅಲ್ಲಿಂದಲೇ ಇಳಿಯುವುದು ಜಾಣತನ. ಮೇಲೆ ಗುಮ್ಮಟದ ಬುಡದಲ್ಲಿ ಒಳಸುತ್ತಿನ ಮೊಗಸಾಲೆಯಿದೆ. ಒಳವ್ಯಾಸ ಸುಮಾರು 38 ಮೀಟರ್. ಗೋಡೆಗೆ ಬಾಯಿಯಿಟ್ಟು ಪಿಸುಗುಟ್ಟಿದರೆ ಧ್ವನಿ ಬಾಗಿದ ಗೋಡೆಯನ್ನೇ ಹಿಡಿದು ಸಾಗಿ ಎದುರು ಬದಿಯವರ ಕಿವಿಗೆ ಮುಟ್ಟುತ್ತದೆ. ಬೆಳಗಿನ ಹೊತ್ತಾದ್ದರಿಂದ ಗದ್ದಲವಿರಲಿಲ್ಲ. ನಮ್ಮವರು ಆಚೆ ಬದಿಗೆ ಹೋಗಿ ಗೋಡೆಗೆ ಮುಖವಿಟ್ಟರು. ನಾವು ಕಿವಿಯಾನಿಸಿ ಕುಳಿತೆವು. ಏನೂ ಕೇಳಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಕೊನೆಗೆ ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬ ಸಂಕೋಚದಿಂದ, "ಅಜ್ಜಾರ, ಬಿ.ಪಿ. ಗುಳಗಿ ತಗೊಂಡ್ರೇನು ಅಂತ ಅಮ್ಮಾರು ಕೇಳಾಕತ್ತಾರ್ರಿ" ಎಂದ.

ನಕ್ಕೆವು. ಆದರೆ ಇಳಿಯುವಾಗ ನಗು ಉಳಿದಿರಲಿಲ್ಲ. ಎರಡು ವರ್ಷಗಳಿಂದ ಮನೆಯಲ್ಲಿ "ಹೇಳಿದ್ದಕ್ಕ ಉತ್ತರಾನೇ ಕೊಡೂದಿಲ್ಲ" ಎಂಬ ಅಸಮಾಧಾನ ಬೆಳೆದಿತ್ತು. ಅವರದು ಪಿರಿಪಿರಿಯೆಂದು ನಾವು, ನಮ್ಮದು ಅಲಕ್ಷ್ಯವೆಂದು ಅವರು ತಿಳಿದಿದ್ದೆವು. ದಿನವೂ ರೋಗಿಗಳ ಎದೆಬಡಿತ ಆಲಿಸುವ ವೈದ್ಯನಿಗೆ ತನ್ನ ಕಿವಿಯ ಮೇಲೆ ಸಂಶಯವೇ ಬಂದಿರಲಿಲ್ಲ.

ಇದಕ್ಕೆ ಕಾರಣವಿದೆ. ವಯಸ್ಸಿನಿಂದ ಬರುವ ಕಿವುಡುತನದಲ್ಲಿ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಕ್ಷೀಣಿಸುತ್ತವೆ. ಮೊದಲು ಹೋಗುವುದು ಏರುಸ್ವರಗಳ ಗ್ರಹಿಕೆ. ಎದೆಬಡಿತದ ಸದ್ದು ತಗ್ಗುಸ್ವರದ್ದು, ಅದು ಕೇಳುತ್ತಲೇ ಇರುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳಲ್ಲಿ ಏರುಸ್ವರದ ಅಂಶವೇ ಹೆಚ್ಚು. ಆದ್ದರಿಂದ 'ಕಾಯಿ' ಎಂದದ್ದು 'ತಾಯಿ' ಎಂದಾಗುತ್ತದೆ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಪಿಸುಮಾತಿನಲ್ಲಿ ಧ್ವನಿತಂತುಗಳ ಕಂಪನವಿಲ್ಲದೆ ಬರಿಯ ಉಸಿರಿನ ಸದ್ದಿರುವುದರಿಂದ ಅದೇ ಮೊದಲು ಅಳಿಸಿಹೋಗುತ್ತದೆ. ಇದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಿರಿಯರ ಬೆನ್ನ ಹಿಂದೆ ಒಂದು ತೋಳಿನಳತೆಯ ದೂರದಲ್ಲಿ ನಿಂತು, ಒಂದು ಕಿವಿ ಮುಚ್ಚಿಸಿ, ಮೂರು ಅಂಕೆಗಳನ್ನು ಪಿಸುಗುಟ್ಟಿರಿ. ತಪ್ಪಿದರೆ ಬೇರೆ ಮೂರನ್ನು ಹೇಳಿರಿ. ಒಟ್ಟು ಆರರಲ್ಲಿ ಮೂರನ್ನಾದರೂ ಸರಿಯಾಗಿ ಹೇಳದಿದ್ದರೆ ತಜ್ಞರಲ್ಲಿ ಆಡಿಯೋಮೆಟ್ರಿ ಮಾಡಿಸಬೇಕು. ಬರಿಯ ಗುಗ್ಗೆ ಕಟ್ಟಿದ್ದರೂ ಹೀಗಾಗುವುದುಂಟು. ಅದನ್ನು ವೈದ್ಯರಿಂದ ತೆಗೆಸಬೇಕೇ ಹೊರತು ಕಡ್ಡಿ, ಪಿನ್ನು ಹಾಕಬಾರದು. ಒಂದೆರಡು ದಿನಗಳಲ್ಲಿ ಹಠಾತ್ತನೆ ಒಂದು ಕಿವಿ ಕೇಳದಾದರೆ ಅದು ತುರ್ತುಸ್ಥಿತಿ. ತಡಮಾಡಿದಷ್ಟು ಗುಣವಾಗುವ ಸಂಭವ ಕಡಿಮೆ.

ಗುಮ್ಮಟದಿಂದ ನಮ್ಮವರು ಟಾಂಗಾವನ್ನು ಊರ ಪಶ್ಚಿಮದ ಮಲಿಕ್-ಎ-ಮೈದಾನ್ ತೋಪಿನ ಕಡೆಗೆ ತಿರುಗಿಸಿದರು. 1549ರಲ್ಲಿ ಎರಕಹೊಯ್ದ ಈ ತೋಪಿನ ತೂಕ ಸುಮಾರು 55 ಟನ್. ಇದನ್ನು ಹಾರಿಸುವವನು ಕಿವಿ ಉಳಿಸಿಕೊಳ್ಳಲು ಬತ್ತಿ ಮುಟ್ಟಿಸಿದೊಡನೆ ನೀರಿನ ತೊಟ್ಟಿಗೆ ಜಿಗಿಯುತ್ತಿದ್ದನೆಂದು ಊರವರ ಹೇಳಿಕೆ. ನಿಜವೋ ಸುಳ್ಳೋ, ಅವನಿಗಿದ್ದ ಎಚ್ಚರ ಇಂದು ಮೆರವಣಿಗೆಗಳಲ್ಲಿ ಧ್ವನಿವರ್ಧಕದ ಪೆಟ್ಟಿಗೆಗೆ ಎದೆಯೊಡ್ಡಿ ಕುಣಿಯುವವರಿಗಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಲೆಕ್ಕ. ಮುಂದೆ ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ಆದರೆ ಕಾಲು ಗಂಟೆಯಷ್ಟೇ.

ಆಯುರ್ವೇದದಲ್ಲಿ ಮದ್ದಿಲ್ಲವೇ ಎಂದು ಕೇಳುವವರಿಗೆ ನಮ್ಮ ಉತ್ತರ ನೇರವಾಗಿದೆ. ದಿನಚರ್ಯೆಯಲ್ಲಿ ಕಿವಿಗೆ ಬೆಚ್ಚನೆಯ ಎಣ್ಣೆ ಬಿಡುವ ಕರ್ಣಪೂರಣ ಹೇಳಿದೆ. ವಾತಜನ್ಯ ಕರ್ಣರೋಗಗಳನ್ನು ದೂರವಿಡಲು ಅದು ವಿಹಿತ. ತಮಟೆ ಹರಿದ ಅಥವಾ ಕೀವು ಸೋರುವ ಕಿವಿಗೆ ಮಾತ್ರ ಹನಿಯೆಣ್ಣೆಯೂ ಕೂಡದು. ಮುಪ್ಪಿನಲ್ಲಿ ಹುಟ್ಟಿದ, ಬಹುಕಾಲ ನಿಂತ ಬಾಧಿರ್ಯವನ್ನು ನಮ್ಮ ಪ್ರಾಚೀನರೇ ಅಸಾಧ್ಯಗಳ ಸಾಲಿಗೆ ಸೇರಿಸಿದ್ದಾರೆ. ಅಂಥದನ್ನು ಎಣ್ಣೆಯಿಂದ ಗುಣಪಡಿಸುವೆವೆಂದು ಹಣ ಕೀಳುವವರು ನಮ್ಮ ವೃತ್ತಿಯಲ್ಲಿಯೂ ಇದ್ದಾರೆಂಬುದು ನಾಚಿಕೆಯ ಮಾತು. ಅಲ್ಲಿ ಶ್ರವಣಯಂತ್ರವೇ ದಾರಿ. ಕನ್ನಡಕಕ್ಕಿಲ್ಲದ ಸಂಕೋಚ ಇದಕ್ಕೇಕೋ ತಿಳಿಯದು.

ಮನೆಯವರೂ ಕೂಗಿ ಮಾತಾಡಬಾರದು. ಕೂಗಿದರೆ ಸ್ವರ ಹಿಗ್ಗುತ್ತದೆ, ವ್ಯಂಜನ ಹಿಗ್ಗುವುದಿಲ್ಲ. ಟಿ.ವಿ. ತಗ್ಗಿಸಿ, ಎದುರಿಗೆ ಬಂದು, ಬೆಳಕಿನಲ್ಲಿ ತುಟಿ ಕಾಣುವಂತೆ ನಿಧಾನವಾಗಿ ಹೇಳಿದರೆ ಸಾಕು.

ಅಂದು ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿಯ ಮುಂದೆ ಕುಳಿತಾಗ ನಮ್ಮವರು ಮೊದಲ ಸಲ ಎದುರು ಕುಳಿತು, ಬಿಡಿಸಿ ಬಿಡಿಸಿ ಮಾತಾಡಿದರು. ಮರುವಾರ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಗಳಲ್ಲಿ ಏರುಸ್ವರಗಳ ಗ್ರಹಿಕೆ ಕುಸಿದಿತ್ತು. ಈಗ ಯಂತ್ರ ಧರಿಸಿ ನಾಲ್ಕು ತಿಂಗಳಾಯಿತು. ಮೊದಲ ಮೂರು ವಾರ ಪಾತ್ರೆಯ ಸದ್ದು, ಫ್ಯಾನಿನ ಸದ್ದು ತಲೆ ತಿಂದವು, ಆಮೇಲೆ ಒಗ್ಗಿತು. ಬಿ.ಪಿ. ಗುಳಿಗೆಯ ವಿಚಾರಣೆ ಅಡುಗೆಮನೆಯಿಂದ ದಿನವೂ ಸ್ಪಷ್ಟವಾಗಿ ಕೇಳಿಬರುತ್ತದೆ.