ಜ್ವರದ ಕಾಲದಲ್ಲಿ ಸೇವೆಗೆ ಹೊರಟವರಿಗೆ

ಮಳೆ ಹಿಡಿದು ಊರೆಲ್ಲ ಡೆಂಗ್ಯೂ ಸುದ್ದಿಯಾದಾಗ ವಿಶೇಷ ಮಕ್ಕಳ ಆಶ್ರಯಧಾಮಗಳಲ್ಲಿ ಕೈ ಸಾಲುವುದಿಲ್ಲ. ಬಿ.ಸಿ.ರೋಡ್ ಆಸುಪಾಸಿನವರು ಯಾರಾದರೂ ನೆರವಿಗೆ ಹೊರಟಿದ್ದರೆ ಬಹಳ ಸಂತೋಷ. ಆದರೆ ನಿಮಗೇ ನೆಗಡಿ, ಮೈಬಿಸಿ ಇದ್ದರೆ ಆ ದಿನ ಹೋಗಲೇಬೇಡಿ.

ಇಂಥ ಮಕ್ಕಳ ಆರೈಕೆ ಎಷ್ಟು ದೀರ್ಘವೆಂದು ತಿಳಿಯಲು ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಎಂಡೋಸಲ್ಫಾನ್ ಪೀಡಿತ ಕುಟುಂಬಗಳನ್ನು ನೋಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ಕೀಟನಾಶಕ ವಿಷವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಅದರಿಂದ ನೊಂದ ಮಕ್ಕಳ ಆರೈಕೆ ಇಂದಿಗೂ ಮುಗಿದಿಲ್ಲ. ಇಂಥ ಎಷ್ಟೋ ಮಕ್ಕಳಿಗೆ ತಲೆ ನೋಯುತ್ತಿದೆ ಎಂದು ಹೇಳಲು ಮಾತು ಬಾರದು. ಊಟ ದೂಡುವುದು, ಮುದುಡಿ ಮಲಗುವುದು, ಕೈ ಕಚ್ಚಿಕೊಳ್ಳುವುದು ಕಂಡರೆ ಹಠವೆಂದು ಗದರಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. ಅಪಸ್ಮಾರದ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಡೆಂಗ್ಯೂ ಶಂಕೆಯಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಅಪಾಯವಿದೆ. ಮಗುವನ್ನು ಮಲಗಿಸಿ ಗಂಜಿ ಕುಡಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಒಂದೊಂದೇ ಚಮಚ ಕೊಡಿ.

ಡೆಂಗ್ಯೂ ಹರಡುವ ಸೊಳ್ಳೆ ಹೆಚ್ಚಾಗಿ ಹಗಲಲ್ಲೇ ಕಚ್ಚುತ್ತದೆ. ಮಧ್ಯಾಹ್ನ ಮಲಗುವ ಮಕ್ಕಳಿಗೂ ಪರದೆ ಬೇಕು. ಅಂಗಳದ ಗೆರಟೆ, ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ. ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ದೊಡ್ಡ ಸೇವೆ.

ಹೋಗುವ ಮೊದಲು ಫೋನ್ ಮಾಡಿ, ಏನು ಬೇಕೆಂದು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರನ್ನೇ ಕೇಳಿ. ಜ್ವರದ ಕಾಲ ಕಳೆದ ಮೇಲೂ ಹೋಗಿಬರುವುದನ್ನು ನಿಲ್ಲಿಸಬೇಡಿ.